ಮಗ ಹಾಕಿದ ಪಟ, ಅಪ್ಪ ತೆಗೆದಿಟ್ಟ ಪಟ

ಹೋದ ತಿಂಗಳು ಹಾವೇರಿ ಕಡೆಯಿಂದ ಒಬ್ಬರು ಆಫೀಸಿಗೆ ಫೋನ್ ಮಾಡಿದ್ದರು. ಕಿರಾಣಿ ಅಂಗಡಿ ಇಟ್ಟುಕೊಂಡಿರುವವರು. ನಮ್ಮ ಹುಡುಗರು ಕರೆಯನ್ನ ನನಗೆ ಕೊಟ್ಟರು. ಆ ಮನುಷ್ಯ ನಮಸ್ಕಾರ ಕೂಡ ಪೂರ್ತಿ ಹೇಳಲಿಲ್ಲ, ನೇರವಾಗಿ ವಿಷಯಕ್ಕೇ ಬಂದರು.

"ಸರ್, ನಮ್ಮ ಹುಡುಗ ಪಿಯುಸಿ ಓದ್ತಾನ್ರೀ. ರಾತ್ರಿ ಊಟಕ್ಕ ಕುಂತು ನಿಮ್ಮ ಪ್ರೋಗ್ರಾಂ ಹಚ್ಚಿದ್ರ ಸಾಕು, ಉಕ್ರೇನು, ಗಾಜಾ ಅಂತ ಇಬ್ಬರಿಗೂ ಜಗಳ. ನಾ ಒಂದಂದ್ರ ಅವ ಇನ್ನೊಂದಂತಾನ. ಈಗ ನಾಕು ದಿನ ಆತು, ನನ್ನ ಕೂಡ ಮಾತಽ ಬಿಟ್ಟಾನ. ನೀವಽ ಇವತ್ತು ಟಿವ್ಯಾಗ ಹೇಳಿಬಿಡ್ರಿ. ನಾ ಸರೀನೋ, ಅವ ಸರೀನೋ?"

ದಿನಾ ರಾತ್ರಿ ಆರು ಜನರನ್ನ ಕೂರಿಸಿಕೊಂಡು ಯಾರು ಸರಿ, ಯಾರು ತಪ್ಪು ಅಂತ ತೀರ್ಪು ಕೊಡೋದು ನನ್ನ ಕೆಲಸ. ಆದರೆ ಆ ಅಪ್ಪನಿಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. "ಯೋಚನೆ ಮಾಡಿ ಹೇಳ್ತೀನಿ ಯಜಮಾನ್ರೆ" ಅಂದು ಫೋನ್ ಇಟ್ಟೆ. ಯೋಚನೆ ಮಾಡುತ್ತಾ ಕೂತಾಗ ನೆನಪಾಗಿದ್ದು ಜರ್ಮನಿಯ ಒಂದು ಮನೆ. ಆ ಮನೆಯಲ್ಲೂ ಹೀಗೇ ಒಬ್ಬ ಅಪ್ಪ, ಹೀಗೇ ಒಬ್ಬ ಹದಿಹರೆಯದ ಮಗ. ಜಗಳ ಹಿಟ್ಲರ್ ಬಗ್ಗೆ!

ಉಲ್ಮ್ ಅಂತ ಒಂದು ಊರಿದೆ, ಡ್ಯಾನ್ಯೂಬ್ ನದಿಯ ದಂಡೆಯಲ್ಲಿ. 1932ರಲ್ಲಿ ರಾಬರ್ಟ್ ಶೋಲ್ ಅನ್ನೋ ಮನುಷ್ಯ ಹೆಂಡತಿ, ಐವರು ಮಕ್ಕಳ ಜೊತೆ ಈ ಊರಿಗೆ ಬಂದ. ಅದಕ್ಕೂ ಮುಂಚೆ ಫೋರ್ಖ್ಟನ್‌ಬರ್ಗ್ ಅನ್ನೋ ಸಣ್ಣ ಊರಿನಲ್ಲಿ ಹತ್ತು ವರ್ಷ ಮೇಯರ್ ಆಗಿದ್ದವನು. ಉಲ್ಮ್‌ನಲ್ಲಿ ತೆರಿಗೆ ಸಲಹೆಗಾರ. ಅಂದರೆ ಲೆಕ್ಕ ಬರೆದುಕೊಡುವ ಕೆಲಸ. ಮೊದಲನೇ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲ್ಲ ಅಂತ ಹೇಳಿ, ಗಾಯಾಳುಗಳ ಸೇವೆಯ ಕೆಲಸಕ್ಕೆ ಸೇರಿದ್ದವನು. ಹೆಂಡತಿ ಮಗ್ದಲೇನಾ ನರ್ಸ್ ಆಗಿದ್ದವಳು, ದೈವಭಕ್ತೆ. ಮಕ್ಕಳು ಇಂಗೆ, ಹಾನ್ಸ್, ಎಲಿಜಬೆತ್, ಸೋಫಿ, ವೆರ್ನರ್.

1933ರ ಜನವರಿ 30. ಹಿಟ್ಲರ್ ಜರ್ಮನಿಯ ಚಾನ್ಸಲರ್ ಆದ. ಆವತ್ತು ಹಾನ್ಸ್‌ಗೆ 14 ವರ್ಷ. ಸೋಫಿಗೆ 11.

ಈಗ ಆ 14 ವರ್ಷದ ಹುಡುಗನ ಜಾಗದಲ್ಲಿ ನಿಂತು ನೋಡಿ. ದೇಶದಲ್ಲಿ ಸುಮಾರು 60 ಲಕ್ಷ ಜನಕ್ಕೆ ಕೆಲಸ ಇಲ್ಲ. ಯುದ್ಧದಲ್ಲಿ ಸೋತ ಅವಮಾನ ಇನ್ನೂ ಆರಿಲ್ಲ. ಅಂಥ ಹೊತ್ತಲ್ಲಿ ಒಬ್ಬ ಬಂದು, ನಾನು ಈ ದೇಶವನ್ನ ಎದ್ದು ನಿಲ್ಲಿಸ್ತೀನಿ, ಅದಕ್ಕೆ ನೀವು ಹುಡುಗರು ಬೇಕು ಅಂತಾನೆ. ಯೂನಿಫಾರ್ಮ್ ಕೊಡ್ತಾನೆ. ಬಾವುಟ ಕೊಡ್ತಾನೆ. ಬೆಟ್ಟ ಹತ್ತಿಸ್ತಾನೆ, ಬೆಂಕಿ ಸುತ್ತ ಕೂರಿಸಿ ಹಾಡು ಹೇಳಿಸ್ತಾನೆ. 14 ವರ್ಷದ ಹುಡುಗನನ್ನ ಮೊದಲ ಸಲ ದೇಶ ದೊಡ್ಡವನ ಥರ ಮಾತಾಡಿಸುತ್ತೆ. ಯಾರು ಬೇಡ ಅಂತಾರೆ? 1932ರ ಕೊನೆಗೆ ಹಿಟ್ಲರ್ ಯೂತ್ ಸಂಘಟನೆಯಲ್ಲಿ ಇದ್ದವರು ಸುಮಾರು 1 ಲಕ್ಷ. ಒಂದೇ ವರ್ಷದಲ್ಲಿ ಆ ಸಂಖ್ಯೆ 20 ಲಕ್ಷ ದಾಟಿತು. ಆ 20 ಲಕ್ಷದಲ್ಲಿ ಹಾನ್ಸ್ ಕೂಡ ಒಬ್ಬ. ಬಡಪಾಯಿ ಸದಸ್ಯ ಅಲ್ಲ, ಬಹಳ ಬೇಗ ನೂರಕ್ಕೂ ಹೆಚ್ಚು ಹುಡುಗರ ಲೀಡರ್ ಆದ. ಅಕ್ಕ ತಂಗಿಯರು ಹುಡುಗಿಯರ ದಳಕ್ಕೆ ಸೇರಿದರು.

ಅಪ್ಪ? ಅಪ್ಪ ಮೊದಲ ದಿನದಿಂದಲೂ ವಿರೋಧಿ.

ಮನೆಯವರು ಆಮೇಲೆ ನೆನಪಿಸಿಕೊಂಡ ಒಂದು ಸಂಗತಿ ಇದೆ. ಹಾನ್ಸ್ ಗೋಡೆಗೆ ಹಿಟ್ಲರ್ ಪಟ ತೂಗುಹಾಕ್ತಿದ್ದ. ಅಪ್ಪ ಕೆಲಸದಿಂದ ಬಂದವನು ಅದನ್ನ ತೆಗೆದು ಡ್ರಾಯರ್‌ನಲ್ಲಿ ಇಡ್ತಿದ್ದ. ಮಗ ಮತ್ತೆ ಹಾಕ್ತಿದ್ದ. ಅಪ್ಪ ಮತ್ತೆ ತೆಗೀತಿದ್ದ. ನನಗೆ ಈ ಕಥೆಯಲ್ಲಿ ಇಷ್ಟವಾಗೋದು ಒಂದೇ ವಿವರ. ಅಪ್ಪ ಆ ಪಟ ಹರಿದುಹಾಕಲಿಲ್ಲ. ಡ್ರಾಯರ್‌ನಲ್ಲಿ ಇಟ್ಟ.

ಊಟದ ಟೇಬಲ್ ಮೇಲೆ ವಾದ. ದೊಡ್ಡ ಮಗಳು ಇಂಗೆ ಯುದ್ಧ ಮುಗಿದ ಮೇಲೆ ಬರೆದ ಪುಸ್ತಕದಲ್ಲಿ ಇದೆಲ್ಲ ಇದೆ. ಮಕ್ಕಳು ಹೇಳ್ತಿದ್ದರಂತೆ, ನೋಡಪ್ಪ, ಅವನು ಜನಕ್ಕೆ ಕೆಲಸ ಕೊಡ್ತಿದಾನೆ, ಆಟೋಬಾನ್ ರಸ್ತೆ ಹಾಕ್ತಿದಾನೆ ಅಂತ. ಅಪ್ಪ ವಾಪಸ್ ಕೇಳ್ತಿದ್ದನಂತೆ, ಕೆಲಸ ಎಲ್ಲಿಂದ ಬರ್ತಿದೆ ಯೋಚನೆ ಮಾಡಿದೀರಾ? ಬ್ಯಾರಕ್ ಕಟ್ಟಿಸ್ತಿದಾನೆ, ಯುದ್ಧದ ಕಾರ್ಖಾನೆ ನಡೆಸ್ತಿದಾನೆ, ಇದು ಎಲ್ಲಿಗೆ ಹೋಗಿ ಮುಟ್ಟುತ್ತೆ? ಹೊಟ್ಟೆ ತುಂಬಿದರೆ ಸಾಕಾ, ಬಾಯಿಬಿಟ್ಟು ಮಾತಾಡೋ ಸ್ವಾತಂತ್ರ್ಯ ಬೇಡವಾ? ಲೆಕ್ಕ ಬರೆಯೋ ಮನುಷ್ಯ ನೋಡಿ, ಜಮಾ ಕಾಲಮ್ ತೋರಿಸಿದರೆ ಖರ್ಚಿನ ಕಾಲಮ್ ಎಲ್ಲಿ ಅಂತ ಕೇಳ್ತಿದ್ದ.

ಅವನು ಹಿಟ್ಲರ್‌ಗೆ ಕೊಡ್ತಿದ್ದ ಇನ್ನೊಂದು ಹೋಲಿಕೆ ನಮ್ಮ ಕನ್ನಡದ ಮಕ್ಕಳಿಗೂ ಗೊತ್ತು. ಹ್ಯಾಮೆಲಿನ್ ಊರಿನ ಇಲಿ ಹಿಡಿಯುವವನು, ಕೊಳಲು ಊದಿ ಊರ ಮಕ್ಕಳನ್ನೆಲ್ಲ ಕರಕೊಂಡು ಹೋದವನು. ಕುವೆಂಪು ಕನ್ನಡಕ್ಕೆ ತಂದು ಬೊಮ್ಮನಹಳ್ಳಿಯಲ್ಲಿ ಕೂರಿಸಿದರಲ್ಲ, ಆ ಕಿಂದರಿಜೋಗಿ. ಅವನು ಅಂಥವನು ಕಣ್ರೋ, ಊದ್ತಿದಾನೆ, ನೀವು ಹಿಂದೆ ಹೋಗ್ತಿದೀರಿ ಅನ್ನೋದು ಅಪ್ಪನ ಮಾತಿನ ಸಾರ.

ಮಕ್ಕಳು ಕೇಳಿದರಾ? ಇಲ್ಲ. ಅಪ್ಪನಿಗೆ ವಯಸ್ಸಾಯ್ತು, ಹೊಸ ಕಾಲ ಅರ್ಥವಾಗಲ್ಲ ಅಂದುಕೊಂಡರು.

ಸಾಮಾನ್ಯವಾಗಿ ನಾವು ಈ ಕಥೆಯನ್ನ ಉಲ್ಟಾ ಕೇಳಿರ್ತೀವಿ. ಹುಡುಗರು ಮುಂದೆ ನೋಡ್ತಾರೆ, ಮುದುಕರು ಹಿಂದೆ ನೋಡ್ತಾರೆ ಅಂತ. ಇಲ್ಲಿ ಹಾಗಲ್ಲ. ಅಪ್ಪ ಪೂರ್ತಿ ಸರಿ, ಮಗ ಪೂರ್ತಿ ತಪ್ಪು. ಆದರೂ ಅಪ್ಪ ದಿನಾ ವಾದದಲ್ಲಿ ಸೋಲ್ತಿದ್ದ. ಯಾಕಂದ್ರೆ ಅವನ ಎದುರಿಗೆ ಇದ್ದಿದ್ದು ಬರೀ ಮಗ ಅಲ್ಲ. ಸ್ಕೂಲು, ಪೇಪರು, ಸಿನಿಮಾ, ರೇಡಿಯೋ ಎಲ್ಲ ಮಗನ ಕಡೆ.

ರೇಡಿಯೋ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿದವನು, ಆಮೇಲೆ ಟಿವಿಗೆ ಬಂದವನು. ಎರಡೂ ಕಾರಣಕ್ಕೆ ಈ ವಿಷಯ ನನ್ನನ್ನ ಕಾಡುತ್ತೆ. 1933ರ ಆಗಸ್ಟ್‌ನಲ್ಲಿ ನಾಜಿ ಸರ್ಕಾರ ಒಂದು ಅಗ್ಗದ ರೇಡಿಯೋ ಬಿಟ್ಟಿತು. ‘ಜನರ ರೇಡಿಯೋ’ ಅಂತ ಅದರ ಹೆಸರು, ಮಾಡೆಲ್ ನಂಬರ್ ವಿಇ 301. 301 ಅಂದರೆ ಏನು ಗೊತ್ತಾ? 30ನೇ ತಾರೀಕು, 1ನೇ ತಿಂಗಳು. ಹಿಟ್ಲರ್ ಅಧಿಕಾರಕ್ಕೆ ಬಂದ ದಿನ! ಬೆಲೆ 76 ಮಾರ್ಕ್. 1938ರಲ್ಲಿ ಇನ್ನೂ ಸಣ್ಣದೊಂದು ಬಂತು, 35 ಮಾರ್ಕ್. ಮನೆಮನೆಗೂ ಒಂದೇ ಧ್ವನಿ ಹೋಗಬೇಕು ಅನ್ನೋದು ಲೆಕ್ಕಾಚಾರ. ದೂರದ ಸ್ಟೇಷನ್ ಹಿಡಿಯುವ ತಾಕತ್ತು ಆ ಸೆಟ್‌ಗಳಿಗೆ ಕಮ್ಮಿ. ಆದರೆ ರೇಡಿಯೋ ತರಂಗಕ್ಕೆ ಪಾರ್ಟಿ ಇಲ್ಲವಲ್ಲ! ಹಗಲಲ್ಲಿ ಹೀರಿಹೋಗುವ ಮೀಡಿಯಂ ವೇವ್ ಸಿಗ್ನಲ್ ರಾತ್ರಿ ಆಕಾಶದ ಅಯಾನುಗೋಳಕ್ಕೆ ತಾಗಿ ವಾಪಸ್ ಬರುತ್ತೆ, ನೂರಾರು ಕಿಲೋಮೀಟರ್ ದೂರ ಕೇಳುತ್ತೆ. ಹಾಗಾಗಿ ಯುದ್ಧ ಶುರುವಾದ ದಿನ, 1939ರ ಸೆಪ್ಟೆಂಬರ್ 1ಕ್ಕೆ, ಹೊರದೇಶದ ರೇಡಿಯೋ ಕೇಳೋದೇ ಅಪರಾಧ ಅಂತ ಸರ್ಕಾರ ಆದೇಶ ತಂತು. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಇಷ್ಟು ದೊಡ್ಡ ಸದ್ದಿನ ಎದುರು ಒಬ್ಬ ಅಪ್ಪ ಏನು ಮಾಡಬಹುದಿತ್ತು? ಹೊಡೆಯಬಹುದಿತ್ತು. ಮಗನನ್ನ ಮನೆಯಿಂದ ಆಚೆ ಹಾಕಬಹುದಿತ್ತು. ಅಥವಾ ತನ್ನ ತಲೆ ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ರಾಬರ್ಟ್ ಶೋಲ್ ಮೂರೂ ಮಾಡಲಿಲ್ಲ. ಇಷ್ಟವಿಲ್ಲದಿದ್ದರೂ ಮಕ್ಕಳು ದಳಕ್ಕೆ ಸೇರೋದನ್ನ ಕೊನೆಗೆ ತಡೆಯಲಿಲ್ಲ. ತನ್ನ ಅಭಿಪ್ರಾಯವನ್ನೂ ಒಂದು ದಿನ ಮುಚ್ಚಿಡಲಿಲ್ಲ. ಡ್ಯಾನ್ಯೂಬ್ ದಂಡೆಯ ಮೇಲೆ ಮಕ್ಕಳ ಜೊತೆ ವಾಕಿಂಗ್ ಹೋಗ್ತಿದ್ದ. ಕಷ್ಟವಾದರೂ ಸರಿ, ನೀವು ತಲೆಯೆತ್ತಿ ಸ್ವತಂತ್ರವಾಗಿ ಬದುಕಿದರೆ ನನಗೆ ಅಷ್ಟೇ ಸಾಕು ಅಂತ ಒಂದು ಸಂಜೆ ಹೇಳಿದ್ದನ್ನ ಇಂಗೆ ಎಷ್ಟೋ ವರ್ಷ ಆದಮೇಲೂ ಮರೆತಿರಲಿಲ್ಲ.

ಹಾಗಾದರೆ ಮಗ ಬದಲಾಗಿದ್ದು ಹೇಗೆ? ಅಪ್ಪನ ವಾದದಿಂದ ಅಲ್ಲ. ತನ್ನ ಕಣ್ಣಿಂದ.

ಮೊದಲು ಹಾಡು. ಹಾನ್ಸ್ ಗಿಟಾರ್ ಹಿಡಿದು ತನ್ನ ಹುಡುಗರಿಗೆ ರಷ್ಯಾದ, ನಾರ್ವೆಯ ಹಾಡು ಹೇಳಿಕೊಡ್ತಿದ್ದ. ಮೇಲಿನವರು ಬೇಡ ಅಂದರು. ಹಾಡೋದು ಏನು ತಪ್ಪು ಅಂತ ಅವನು ನಕ್ಕ. ಶಿಕ್ಷೆ ಆಗುತ್ತೆ ಅಂದರು. ಆಮೇಲೆ ಪುಸ್ತಕ. ಅವನಿಗೆ ಇಷ್ಟವಾಗಿದ್ದ ಸ್ಟೆಫಾನ್ ಜ್ವೈಗ್ ಪುಸ್ತಕ ಓದಕೂಡದು ಅಂದರು. ಕಾರಣ? ಬರೆದವನು ಯಹೂದಿ. ಆಮೇಲೆ 1935ರ ಸೆಪ್ಟೆಂಬರ್‌ನಲ್ಲಿ ನ್ಯೂರೆಂಬರ್ಗ್‌ನ ಪಾರ್ಟಿ ಸಮಾವೇಶ. ಉಲ್ಮ್ ಹುಡುಗರ ಬಾವುಟ ಹಿಡಿಯೋ ಗೌರವ ಹಾನ್ಸ್‌ಗೆ ಸಿಕ್ಕಿತು. ಅವನು ಕುಣಿಯುತ್ತಾ ಹೋದ. ಸುಸ್ತಾಗಿ, ಸಪ್ಪೆ ಮುಖ ಹಾಕಿಕೊಂಡು ಬಂದ. ಅಲ್ಲಿ ಅವನು ಕಂಡಿದ್ದು ಬರೀ ಡ್ರಿಲ್. ಒಂದೇ ಹೆಜ್ಜೆ, ಒಂದೇ ಮಾತು, ತಲೆ ಓಡಿಸೋಕೆ ಜಾಗವೇ ಇಲ್ಲ. ಯಹೂದಿಗಳ ಪೌರತ್ವ ಕಿತ್ತುಕೊಂಡ ಕುಖ್ಯಾತ ನ್ಯೂರೆಂಬರ್ಗ್ ಕಾನೂನು ಘೋಷಣೆಯಾಗಿದ್ದೂ ಅದೇ ಸಮಾವೇಶದಲ್ಲಿ.

ಒಂದೇ ರಾತ್ರಿಯಲ್ಲಿ ಹಾನ್ಸ್ ಬದಲಾದ ಅಂತ ಹೇಳಿದರೆ ಅದು ಸಿನಿಮಾ ಆಗುತ್ತೆ. ಹಾಗಾಗಲಿಲ್ಲ. ಆಮೇಲೂ ಸ್ವಲ್ಪ ಕಾಲ ಅವನು ಅಲ್ಲೇ ಇದ್ದ. ಒಂದು ದಿನ, ಅವನ ಹುಡುಗರು ಕೈಯಾರೆ ಮಾಡಿಕೊಂಡಿದ್ದ ಬಾವುಟವನ್ನ ದೊಡ್ಡ ಲೀಡರ್ ಒಬ್ಬ ಸಣ್ಣ ಹುಡುಗನ ಕೈಯಿಂದ ಕಿತ್ತುಕೊಳ್ಳಲು ಹೋದಾಗ, ಹಾನ್ಸ್ ಆ ಲೀಡರ್ ಕೆನ್ನೆಗೆ ಬಾರಿಸಿದ. ಲೀಡರ್‌ಗಿರಿ ಹೋಯ್ತು.

ಸಂಶಯ ಅನ್ನೋದು ಹುಟ್ಟಿದ ಮೇಲೆ ಅದನ್ನ ತಗೊಂಡು ಎಲ್ಲಿಗಾದರೂ ಹೋಗಬೇಕಲ್ಲ? ನಾಜಿ ಜರ್ಮನಿಯಲ್ಲಿ ಮೇಷ್ಟ್ರ ಹತ್ತಿರ ಹೋಗೋಕಾಗಲ್ಲ. ಗೆಳೆಯನ ಹತ್ತಿರ ಹೇಳಿದರೆ ಪೊಲೀಸರಿಗೆ ಗೊತ್ತಾಗಬಹುದು. ಊರಲ್ಲಿ ಒಬ್ಬ ಯುವ ಮೇಷ್ಟ್ರನ್ನ ಕ್ಯಾಂಪಿಗೆ ಎಳಕೊಂಡು ಹೋದರು. ಏನು ತಪ್ಪು ಮಾಡಿದ್ದ ಅಂದರೆ ಏನೂ ಇಲ್ಲ, ನಾಜಿ ಆಗಿರಲಿಲ್ಲ ಅಷ್ಟೇ. ಆ ಪ್ರಶ್ನೆಗಳನ್ನೆಲ್ಲ ಹೊತ್ತುಕೊಂಡು ಶೋಲ್ ಮಕ್ಕಳು ಬಂದಿದ್ದು ಅಪ್ಪನ ಹತ್ತಿರ. ಯಾವ ಅಪ್ಪನ ಜೊತೆ ವರ್ಷಗಟ್ಟಲೆ ಜಗಳ ಆಡಿದ್ದರೋ ಅದೇ ಅಪ್ಪನ ಹತ್ತಿರ. ಅಲ್ಲಿ ಬಾಗಿಲು ತೆರೆದಿತ್ತು.

ಎಂಜಿನಿಯರಿಂಗ್‌ನಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ ಅಂತ ಓದ್ತೀವಿ. ಆಂಪ್ಲಿಫೈಯರ್‌ನ ಔಟ್‌ಪುಟ್‌ನಲ್ಲಿ ಒಂದು ಪಾಲನ್ನ ಉಲ್ಟಾ ಮಾಡಿ ಇನ್‌ಪುಟ್‌ಗೆ ಕೊಡೋದು. ಸದ್ದು ಸ್ವಲ್ಪ ಕಮ್ಮಿಯಾಗುತ್ತೆ, ಆದರೆ ಸರ್ಕ್ಯೂಟ್ ಹದ್ದುಬಸ್ತಿನಲ್ಲಿ ಇರುತ್ತೆ. ಇಡೀ ದೇಶ ಒಂದೇ ದಿಕ್ಕಿಗೆ ಕಿರುಚುವಾಗ, ಆ ಮನೆಯಲ್ಲಿ ಅಪ್ಪ ಮಾಡಿದ್ದು ಆ ಕೆಲಸ.

1937ರ ನವೆಂಬರ್‌ನಲ್ಲಿ ಗೆಸ್ಟಾಪೊ ಮನೆಗೆ ಬಂತು. ನಿಷೇಧಿತ ಯುವಕರ ಗುಂಪಿನ ಜೊತೆ ನಂಟು ಅಂತ ಇಂಗೆ, ಸೋಫಿ, ವೆರ್ನರ್ ಮೂವರನ್ನೂ ಹಿಡಿದರು. ಸೋಫಿಯನ್ನ ಬೇಗ ಬಿಟ್ಟರು. ಮುಂದಿನ ತಿಂಗಳು ಸೇನೆಯಲ್ಲಿದ್ದ ಹಾನ್ಸ್‌ನ ಬಂಧನ. ಅವನ ಮೇಲೆ ಗುಂಪಿನ ಕೇಸಿನ ಜೊತೆ, ಆಗಿನ ಕಾನೂನಿನಲ್ಲಿ ಅಪರಾಧವಾಗಿದ್ದ ಸಲಿಂಗ ಸಂಬಂಧದ ಆರೋಪವೂ ಇತ್ತು. 1938ರ ಕ್ಷಮಾದಾನದಲ್ಲಿ ಕೇಸು ಬಿದ್ದುಹೋಯ್ತು. ಅಪ್ಪ-ಅಮ್ಮ ಮಗನ ಕೈಬಿಡಲಿಲ್ಲ.

ಮುಂದೆ ಕಥೆ ಪೂರ್ತಿ ತಿರುಗುತ್ತೆ.

1942. ಹಾನ್ಸ್ ಮ್ಯೂನಿಕ್‌ನಲ್ಲಿ ಮೆಡಿಕಲ್ ವಿದ್ಯಾರ್ಥಿ. ಅಪ್ಪ ತನ್ನ ಆಫೀಸಿನಲ್ಲಿ ಹಿಟ್ಲರ್‌ನನ್ನ ದೇವರು ಕಳಿಸಿದ ಪಿಡುಗು ಅನ್ನೋ ಅರ್ಥದಲ್ಲಿ ಬೈದ. ಕೆಲಸಕ್ಕಿದ್ದವರೇ ಪೊಲೀಸರಿಗೆ ಹೇಳಿದರು. ಆಗಸ್ಟ್‌ನಲ್ಲಿ ನಾಲ್ಕು ತಿಂಗಳ ಜೈಲು ಶಿಕ್ಷೆ. ಸೋಫಿ ಸಂಜೆ ಹೊತ್ತು ಜೈಲಿನ ಗೋಡೆಯ ಹೊರಗೆ ನಿಂತು ಅಪ್ಪನಿಗೆ ಕೇಳಲಿ ಅಂತ ಕೊಳಲು ನುಡಿಸ್ತಿದ್ದಳಂತೆ. ಹಾನ್ಸ್ ಆಗ ರಷ್ಯಾದ ಯುದ್ಧಭೂಮಿಯಲ್ಲಿ ಗಾಯಾಳುಗಳ ಸೇವೆಯಲ್ಲಿದ್ದ. ಸೈನಿಕನಾದ ಮಗ ಬರೆದರೆ ಸರ್ಕಾರ ಕರಗಬಹುದು, ಒಂದು ಕ್ಷಮಾದಾನದ ಅರ್ಜಿ ಹಾಕು ಅಂತ ಅಮ್ಮ ಕೇಳಿದಳು. ಹಾನ್ಸ್ ಒಪ್ಪಲಿಲ್ಲ. ಇವರ ಮುಂದೆ ಅಪ್ಪನಿಗಾಗಿ ಕೈಚಾಚೋದು ಅಪ್ಪನಿಗೇ ಅವಮಾನ ಅನ್ನೋದು ಅವನ ಭಾವನೆ. ಒಂಬತ್ತು ವರ್ಷದ ಹಿಂದೆ ಅಪ್ಪನಿಗೆ ಕಾಲ ಅರ್ಥವಾಗಲ್ಲ ಅಂದಿದ್ದ ಹುಡುಗ ಇವನೇ.

ಅಪ್ಪನಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ಇತ್ತು. ಆ ಜೂನ್, ಜುಲೈನಲ್ಲಿ ಹಾನ್ಸ್ ಮತ್ತು ಗೆಳೆಯ ಅಲೆಕ್ಸಾಂಡರ್ ಶ್ಮೊರೆಲ್ ಸೇರಿ ನಾಲ್ಕು ಕರಪತ್ರ ಬರೆದು ಪೋಸ್ಟ್ ಮಾಡಿದ್ದರು. ಹೆಸರು ‘ವೈಟ್ ರೋಸ್’, ಬಿಳಿ ಗುಲಾಬಿ. ಯಹೂದಿಗಳ ಸಾಮೂಹಿಕ ಕೊಲೆ ನಡೀತಿದೆ, ಈ ಸರ್ಕಾರವನ್ನ ಕೆಳಗಿಳಿಸಿ ಅಂತ ಜರ್ಮನ್ನರಿಗೇ ಜರ್ಮನ್ ಭಾಷೆಯಲ್ಲಿ ಹೇಳಿದ ಕರಪತ್ರಗಳು. ಸೋಫಿಯೂ ಸೇರಿಕೊಂಡಳು. ಅಪ್ಪ ಮಾತಾಡಿ ಜೈಲಿಗೆ ಹೋಗಿದ್ದ, ಮಕ್ಕಳು ಅಪ್ಪನನ್ನೂ ದಾಟಿ ಮುಂದೆ ಹೋಗಿಬಿಟ್ಟಿದ್ದರು.

1943ರ ಫೆಬ್ರವರಿ 18, ಗುರುವಾರ. ಅಣ್ಣ ತಂಗಿ ಸೂಟ್‌ಕೇಸಿನಲ್ಲಿ ಆರನೇ ಕರಪತ್ರ ತುಂಬಿಕೊಂಡು ಮ್ಯೂನಿಕ್ ಯೂನಿವರ್ಸಿಟಿಗೆ ಹೋದರು. ಪ್ರೊಫೆಸರ್ ಕುರ್ಟ್ ಹ್ಯೂಬರ್ ಬರೆದ ಕರಪತ್ರ ಅದು. ಕ್ಲಾಸ್ ರೂಮುಗಳ ಮುಂದೆ ಇಟ್ಟರು. ಉಳಿದ ಕಟ್ಟನ್ನ ಸೋಫಿ ಮೇಲಿನ ಮಹಡಿಯಿಂದ ಕೆಳಗಿನ ಹಜಾರಕ್ಕೆ ತಳ್ಳಿದಳು. ಕಟ್ಟಡದ ಅಟೆಂಡರ್ ನೋಡಿದ, ಹಿಡಿದುಕೊಟ್ಟ. ನಾಲ್ಕೇ ದಿನ. ಸೋಮವಾರ, 22ರಂದು, ರೋಲಾಂಡ್ ಫ್ರೈಸ್ಲರ್ ಅನ್ನೋ ಜಡ್ಜ್ ಬರ್ಲಿನ್‌ನಿಂದ ಬಂದು ವಿಚಾರಣೆ ನಡೆಸಿದ. ಹಾನ್ಸ್‌ಗೆ 24, ಸೋಫಿಗೆ 21, ಜೊತೆಗಿದ್ದ ಕ್ರಿಸ್ಟೋಫ್ ಪ್ರೋಬ್ಸ್ಟ್‌ಗೆ 23. ಮೂವರಿಗೂ ಮರಣದಂಡನೆ.

ವಿಷಯ ತಿಳಿದು ಅಪ್ಪ, ಅಮ್ಮ ಉಲ್ಮ್‌ನಿಂದ ಓಡಿ ಬಂದಿದ್ದರು. ಅಪ್ಪ ಕೋರ್ಟ್ ಹಾಲ್‌ಗೆ ನುಗ್ಗಿದ. ಮಕ್ಕಳ ಪರವಾಗಿ ಮಾತಾಡಲು ಬಿಡಿ ಅಂದ. ಆಚೆ ಹಾಕಿದರು. ಹೋಗುತ್ತಾ, ಇದಕ್ಕಿಂತ ಮೇಲೆ ಇನ್ನೊಂದು ನ್ಯಾಯ ಇದೆ ಅಂತ ಕೂಗಿದ. ಆವತ್ತೇ ಮಧ್ಯಾಹ್ನ ಜೈಲಿನಲ್ಲಿ ಕೆಲವು ನಿಮಿಷ ಭೇಟಿಗೆ ಬಿಟ್ಟರು. ಅಪ್ಪ ಮಗನನ್ನ ತಬ್ಬಿಕೊಂಡು, ನಿಮ್ಮ ಹೆಸರು ಇತಿಹಾಸದಲ್ಲಿ ಉಳಿಯುತ್ತೆ ಅಂದ. ಅಮ್ಮ ತಂದಿದ್ದ ಸಿಹಿ ತಿಂಡಿಯನ್ನ ಹಾನ್ಸ್ ಬೇಡ ಅಂದಿದ್ದ. ಸೋಫಿ ಖುಷಿಯಿಂದ ತಗೊಂಡಳು, ಮಧ್ಯಾಹ್ನ ಊಟವೇ ಮಾಡಿರಲಿಲ್ಲ ಅಂದಳು. ಸಂಜೆ ಐದರ ಹೊತ್ತಿಗೆ ಮೂವರ ತಲೆಯನ್ನೂ ಗಿಲೊಟಿನ್‌ಗೆ ಕೊಟ್ಟಿದ್ದರು.

ಆಮೇಲೆ ಅಪ್ಪ, ಅಮ್ಮ, ಹೆಣ್ಣುಮಕ್ಕಳನ್ನ ಬಂಧಿಸಿದರು. ಮಕ್ಕಳು ಮಾಡಿದ್ದಕ್ಕೆ ಮನೆಯವರಿಗೆ ಶಿಕ್ಷೆ. ರಾಬರ್ಟ್ ಶೋಲ್‌ಗೆ 18 ತಿಂಗಳು ಜೈಲು. ಯಾವ ಅಪರಾಧಕ್ಕೆ? ಹೊರದೇಶದ ರೇಡಿಯೋ ಕೇಳಿದ್ದಕ್ಕೆ! ಮಗನ ಕಿವಿಗೆ ಒಂದೇ ಧ್ವನಿ ಬೀಳಬಾರದು ಅಂತ ಒದ್ದಾಡಿದ ಅಪ್ಪ, ಎರಡನೇ ಧ್ವನಿ ಕೇಳಿದ್ದಕ್ಕೆ ಜೈಲಿಗೆ ಹೋದ. 1944ರಲ್ಲಿ ಕೊನೆಯ ಮಗ ವೆರ್ನರ್ ರಷ್ಯಾದಲ್ಲಿ ಕಾಣೆಯಾದ, ಮತ್ತೆ ಬರಲಿಲ್ಲ.

ಆ ಆರನೇ ಕರಪತ್ರದ ಒಂದು ಪ್ರತಿ ಹೇಗೋ ಸ್ಕ್ಯಾಂಡಿನೇವಿಯಾ ಮೂಲಕ ಬ್ರಿಟನ್ ತಲುಪಿತು. 1943ರಲ್ಲೇ ಬ್ರಿಟಿಷ್ ವಿಮಾನಗಳು ಅದನ್ನ ರಾಶಿ ರಾಶಿ ಅಚ್ಚು ಹಾಕಿ ಜರ್ಮನಿಯ ಮೇಲೆ ಸುರಿದವು. ಯುದ್ಧ ಮುಗಿದ ಮೇಲೆ ರಾಬರ್ಟ್ ಶೋಲ್ ಉಲ್ಮ್ ನಗರದ ಮೇಯರ್ ಆದ, 1948ರವರೆಗೆ. ತೀರಿಕೊಂಡಿದ್ದು 1973ರಲ್ಲಿ.

ಇದರಿಂದ ಅಪ್ಪಂದಿರೇ ಯಾವಾಗಲೂ ಸರಿ ಅಂತ ಯಾರೂ ತಿಳಿದುಕೊಳ್ಳಬೇಡಿ. ಅದೇ ಜರ್ಮನಿಯಲ್ಲಿ 1960ರ ದಶಕದಲ್ಲಿ ಇನ್ನೊಂದು ತಲೆಮಾರಿನ ಹುಡುಗರು ಅಪ್ಪಂದಿರನ್ನ ಕೇಳಿದರು: ಹಿಟ್ಲರ್ ಕಾಲದಲ್ಲಿ ನೀನು ಏನು ಮಾಡ್ತಿದ್ದೆ? ಎಷ್ಟೋ ಮನೆಗಳಲ್ಲಿ ಉತ್ತರ ಬರಲಿಲ್ಲ. ಅಲ್ಲಿ ಸರಿ ಇದ್ದಿದ್ದು ಮಕ್ಕಳು. ವಯಸ್ಸು ನೋಡಿಕೊಂಡು ಸತ್ಯ ಬರಲ್ಲ.

ನನ್ನದೂ ಒಂದು ಹೇಳಿಬಿಡ್ತೀನಿ. 2003ರ ಮಾರ್ಚ್ 20. ಇರಾಕ್ ಮೇಲೆ ಅಮೆರಿಕ ಯುದ್ಧ ಶುರುಮಾಡಿತು. ನನಗೆ 15 ವರ್ಷ, ಎಸ್ಸೆಸ್ಸೆಲ್ಸಿ ಪರೀಕ್ಷೆ ತಲೆ ಮೇಲಿತ್ತು. ಆದರೂ ಟಿವಿ ಮುಂದಿನಿಂದ ಎದ್ದಿರಲಿಲ್ಲ. ಬಾಗ್ದಾದ್ ಮೇಲೆ ಬಾಂಬ್ ಬೀಳೋದು, ಕ್ಷಿಪಣಿಯ ವೇಗ, ವಿಮಾನದ ಹೆಸರು, ಎಲ್ಲ ನನಗೆ ಬಾಯಿಪಾಠ. ಸದ್ದಾಂ ಹತ್ತಿರ ಸಾಮೂಹಿಕ ವಿನಾಶದ ಅಸ್ತ್ರ ಇದೆ, ಹೊಡೀಲೇಬೇಕು ಅಂತ ಅಪ್ಪನ ಜೊತೆ ಕೂಗಾಡಿದೆ. ಅಪ್ಪ ಬ್ಯಾಂಕ್ ಗುಮಾಸ್ತ. "ಇದ್ರೆ ತೋರಿಸ್ಲಿ ಬಿಡೋ, ನೋಡೋಣ" ಅಂತ ಒಂದೇ ಮಾತು. ನಿಮಗೇನೂ ಗೊತ್ತಾಗಲ್ಲ ಅಂದೆ. ಮರುವರ್ಷ ಅಮೆರಿಕವೇ ಕಳಿಸಿದ್ದ ತನಿಖಾ ತಂಡ ಅಂಥ ಅಸ್ತ್ರಗಳ ದಾಸ್ತಾನು ಇರಲಿಲ್ಲ ಅಂತ ವರದಿ ಕೊಟ್ಟಿತು. ಪೇಪರಿನಲ್ಲಿ ಸುದ್ದಿ ಬಂದ ದಿನ ಅಪ್ಪ ಅದನ್ನ ಓದಿದರು, ಮಡಚಿದರು, ನನ್ನ ಕೈಗೆ ಕೊಟ್ಟರು. "ನಾನು ಹೇಳಿರಲಿಲ್ವಾ" ಅಂತ ಇವತ್ತಿನವರೆಗೂ ಒಂದು ಸಲ ಅಂದಿಲ್ಲ. ಹಾಗಂದಿದ್ದರೆ ಮುಂದಿನ ಪ್ರಶ್ನೆ ತಗೊಂಡು ನಾನು ಅವರ ಹತ್ತಿರ ಹೋಗ್ತಿದ್ದೆನಾ? ನನಗೆ ಅನುಮಾನ.

ಈಗ ನಾನು ಆ ಟಿವಿಯ ಒಳಗೆ ಕೂತಿದ್ದೀನಿ. ಯಾವುದೋ ಮನೆಯಲ್ಲಿ 15 ವರ್ಷದ ಹುಡುಗ ನನ್ನ ಮಾತು ಹಿಡಿದುಕೊಂಡು ಅಪ್ಪನ ಜೊತೆ ಕೂಗಾಡ್ತಿರಬಹುದು. ಹಾವೇರಿಯಿಂದ ಫೋನ್ ಬಂದಾಗ ನನ್ನ ಬಾಯಿ ಕಟ್ಟಿದ್ದು ಅದಕ್ಕೇ.

ವಾರದ ನಂತರ ಆ ಯಜಮಾನರಿಗೆ ನಾನೇ ಫೋನ್ ಮಾಡಿದೆ. ಯಾರು ಸರಿ ಅಂತ ನಾನು ಟಿವಿಯಲ್ಲಿ ಹೇಳೋದಿಲ್ಲ ಅಂದೆ. ನಿಮ್ಮ ಮಾತು ನೀವು ಬಿಡಬೇಡಿ, ಅವನ ಮಾತು ಅವನು ಹೇಳಲಿ, ಆದರೆ ಇಬ್ಬರೂ ಮಾತು ಮಾತ್ರ ಬಿಡಬೇಡಿ, ಊಟದ ಹೊತ್ತಲ್ಲಿ ನನ್ನ ಕಾರ್ಯಕ್ರಮ ಬೇಕಾದರೆ ಆಫ್ ಮಾಡಿ ಅಂದೆ. ಟಿಆರ್‌ಪಿ ಲೆಕ್ಕದಲ್ಲಿ ಇದು ನಾನು ಆಡಬಾರದ ಮಾತು.

ಅವರು ನಕ್ಕರು. "ಆಫ್ ಮಾಡೇವ್ರಿ ಸರ್. ಮೊನ್ನೆ ಅವನಽ ಬಂದು ಕೇಳಿದ, ಅಪ್ಪಾ, ಯುದ್ಧ ಆದ್ರ ಎಣ್ಣಿ ರೇಟು ಯಾಕ ಏರತೈತಿ ಅಂತ. ನನಗ ಗೊತ್ತಿದ್ದಷ್ಟು ಹೇಳೀನಿ" ಅಂದರು.